ತಾಣು ಆಸಾರಿಯ ಹೆಸರು ಕೇಳಿ ಬಂದವರು

ಬೆಳಕು ಹರಿಯುವ ಮೊದಲು ಭಗವತಿ ಎರಡು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ. ಮೊದಲು ಅದೇ ಬೀದಿಯ ತಾಣು ಆಸಾರಿಯ ಬಾಗಿಲಿಗೆ, ಆಮೇಲೆ ತನ್ನದಕ್ಕೆ. ತಾಣು ಆಸಾರಿಯ ಹೆಂಡತಿ ಚೆಲ್ಲಮ್ಮನಿಗೆ ಮಂಡಿ ಬಗ್ಗದಂತಾದಾಗ ಹಿಡಿದ ಕೆಲಸ ಅದು. ಮೈಯಲ್ಲಿ ಜ್ವರವಿದ್ದಾಗಲೂ ತಪ್ಪಿಸಿಲ್ಲ, ಮಗಳ ಮದುವೆಯ ದಿನ ಮನೆ ತುಂಬ ನೆಂಟರಿದ್ದಾಗಲೂ ತಪ್ಪಿಸಿಲ್ಲ. ಮಾಡಬಾರದ್ದನ್ನು ಮಾಡುತ್ತಿದ್ದ ದಿನಗಳಲ್ಲೂ ತಪ್ಪಿಸಲಿಲ್ಲ. ಆ ದಿನಗಳಲ್ಲಿ ಆ ಹೊಸ್ತಿಲ ಮುಂದೆ ಬಗ್ಗಿ ಕೂತಾಗ ತನ್ನ ಕೈಗೆ ನಾಚಿಕೆ ಹೇಗೆ ಆಗಲಿಲ್ಲ ಎಂದು ಈಗ ಅವಳಿಗೇ ಸೋಜಿಗ.

ನಾಗರಕೋಯಿಲಿನ ವಡಸೇರಿಯಲ್ಲಿ ಭರತನಾಟ್ಯದ ಆಭರಣ ಮಾಡುವ ಆಸಾರಿಗಳ ಒಂದು ಸಣ್ಣ ಬೀದಿ. ಬೆಳ್ಳಿಯ ತಗಡಿನಲ್ಲಿ ಗೂಡು ಕಟ್ಟಿ, ಅರಗು ತುಂಬಿ, ಕೆಂಪು ಕಲ್ಲು ಕೂರಿಸಿ, ಕಲ್ಲಿನ ಸಂದಿಗೆ ಚಿನ್ನದ ರೇಕು ಒತ್ತುವ ಕೆಲಸ. ತಲೆಗೆ ಸೂರ್ಯ ಚಂದ್ರ, ಬೈತಲೆಬೊಟ್ಟು, ಜಡೆಗೆ ರಾಗಟೆ, ನಡುವಿಗೆ ಒಡ್ಯಾಣ. ಪ್ರತಿ ಮನೆಗೂ ಒಂದು ಕೈಗುಣ. ಒಡ್ಯಾಣಕ್ಕೆ ಒಂದು ಮನೆ, ಜುಮಕಿಗೆ ಇನ್ನೊಂದು. ಸುತ್ತ ನವಿಲು ಕೂತ ರಾಗಟೆಗೆ ತಾಣು ಆಸಾರಿ.

ಬೀದಿಗೊಂದು ಕಟ್ಟಳೆಯಿತ್ತು. ಒಬ್ಬರ ಹೆಸರು ಹಿಡಿದು ಬಂದವರು ದಾರಿ ತಪ್ಪಿ ಇನ್ನೊಬ್ಬರ ಬಾಗಿಲಲ್ಲಿ ನಿಂತರೆ, ಕೈಯಲ್ಲಿನ ಕೆಲಸ ಕೆಳಗಿಟ್ಟು ಎದ್ದು, ಅವರನ್ನು ಸರಿಯಾದ ಮನೆಯ ತನಕ ನಡೆಸಿಕೊಂಡು ಹೋಗಬೇಕು. ‘ಅಲ್ಲಿ ಮೂರನೇ ಮನೆ’ ಎಂದು ಬೆರಳು ತೋರಿಸಿದರೆ ಸಾಲದು. ಹೋದ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಬರಬೇಕು. ಆ ನೀರು ಕುಡಿದರೆ ಗಿರಾಕಿಯನ್ನು ಒಪ್ಪಿಸಿದ ಹಾಗೆ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ ಎಂದ ಹಾಗೆ.

ಭಗವತಿ ಸುಚೀಂದ್ರಂ ಕಡೆಯ ಮರಗೆಲಸದ ಆಸಾರಿಯ ಮಗಳು. ಹತ್ತನೇ ತರಗತಿ ಮುಗಿಸಿ ಮದುವೆಯಾಗಿ ಬಂದವಳಿಗೆ ಅರಗು ಕಾಯಿಸುವುದು, ಮುತ್ತು ಪೋಣಿಸುವುದು ಹೇಳಿಕೊಟ್ಟವನು ತಾಣು ಆಸಾರಿಯೇ. ಅವಳ ಗಂಡ ಕೋಲಪ್ಪನ್ ಮೀಸೆ ಬರುವ ಮೊದಲೇ ಅವನ ಕೆಲಸದ ಮಣೆಯ ಪಕ್ಕ ಕೂತು ಕಲಿತವನು. ನಂಟಸ್ತಿಕೆ ಇಲ್ಲದಿದ್ದರೂ ಇಬ್ಬರೂ ಅವನನ್ನು ಪೆರಿಯಪ್ಪಾ ಎಂದೇ ಕರೆಯುತ್ತಿದ್ದರು, ದೊಡ್ಡಪ್ಪನನ್ನು ಕರೆದ ಹಾಗೆ. ಅವನಿಗೆ ಎಲ್ಲರೂ ‘ಮಕ್ಕಾ’, ಮಗು ಎಂದ ಹಾಗೆ. ನಲವತ್ತು ದಾಟಿದವರೂ ಮಕ್ಕಾ, ಹಾಲಿನವನೂ ಮಕ್ಕಾ.

ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಸೆಟ್ಟುಗಳು ಪೇಟೆ ತುಂಬಿದ ಮೇಲೆ ಬೀದಿಯ ಮಣೆಗಳು ಒಂದೊಂದಾಗಿ ಖಾಲಿಯಾದವು. ಕೋಲಪ್ಪನಿಗೂ ಕೊಯಮತ್ತೂರಿನ ಎರಕದ ಕಾರ್ಖಾನೆಯಿಂದ ಕರೆ ಬಂತು. ಆಡಿ ಮಾಸ ಕಳೆದು ಆವಣಿ ಹುಟ್ಟುತ್ತಲೇ ಬಂದು ಸೇರಬೇಕು.

“ಹೋಗ್ತೀನಿ. ಏನು ಮಾಡೋದು? ಅಲ್ಲಿ ಮಿಷನ್ ಒರೆಸೋ ಕೆಲಸ ಕೊಟ್ರೂ ಸರಿ” ಅಂದ.

“ಮಿಷನ್ ಒರೆಸೋಕೆ ನಿಮ್ಮಮ್ಮ ನಿಮ್ಮನ್ನ ಹಾಲೆರೆದು ಸಾಕಿದ್ರಾ?” ಅಂದಳು ಭಗವತಿ. “ಆವಣಿ ಮುಗಿಯೋವರೆಗೆ ಟೈಮ್ ಕೊಡಿ. ಮಣೆ ಖಾಲಿಯಾಗೋಕೆ ನಾನು ಬಿಡಲ್ಲ.”

ಮಗಳು ಉಮೈ ಮದುವೆಗೆ ಮೊದಲು ಕಲಿತ ಹುರುಪಿನಲ್ಲಿ ‘ಮುತ್ತಾರಮ್ಮನ್ ನಾಟ್ಯ ಆಭರಣ’ ಎಂದು ಒಂದು ವೆಬ್‌ಸೈಟ್ ಮಾಡಿಟ್ಟಿದ್ದಳು. ಯಾರೂ ಹಾಯದ ಓಣಿಯಲ್ಲಿ ಬೋರ್ಡು ನೇತುಹಾಕಿದ ಹಾಗೆ ಅದು ಅಲ್ಲೇ ಇತ್ತು. ಜನ ಅದನ್ನು ನೋಡುವಂತೆ ಮಾಡಿಕೊಡುತ್ತೇವೆ ಎಂದು ಫೋನುಗಳು ಬರುತ್ತಲೇ ಇದ್ದವು. ಇಷ್ಟು ದಿನ ಕತ್ತರಿಸುತ್ತಿದ್ದ ಆ ಫೋನುಗಳನ್ನು ಭಗವತಿ ಈಗ ಎತ್ತಿಕೊಳ್ಳತೊಡಗಿದಳು.

ಮೊದಲನೆಯವನು ಎಲ್ಲೋ ದೂರದ ಊರಿನವನು. ಮಾತು ಜೇನುತುಪ್ಪ.

“ಮೂವತ್ತೇ ದಿನ ಮೇಡಂ. ಗೂಗಲ್‌ನಲ್ಲಿ ಮೊದಲ ಪುಟ, ಮೊದಲ ಸಾಲು. ಗ್ಯಾರಂಟಿ.”

“ನಾವು ಏನು ಮಾಡ್ತೀವಿ, ಹೇಳಿ ನೋಡೋಣ?”

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. “ಚಿನ್ನದ ಒಡವೆ ಮೇಡಂ.”

“ಬೆಳ್ಳಿ ಕಣಪ್ಪಾ. ಹೋಗಲಿ, ಜನ ಏನು ಹುಡುಕಿದ್ರೆ ನಾವು ಮೊದಲು ಬರ್ತೀವಿ?”

“ನಿಮ್ಮ ಅಂಗಡಿ ಹೆಸರು ಹೊಡೆದ್ರೆ ಸಾಕು ಮೇಡಂ, ನೀವೇ ಮೊದಲು!”

“ಹೆಸರು ಗೊತ್ತಿದ್ದೋರು ಹೆಂಗೂ ಬಂದೇ ಬರ್ತಾರಲ್ಲಪ್ಪಾ. ಅದಕ್ಕೆ ನಿನಗ್ಯಾಕೆ ದುಡ್ಡು?” ಎಂದು ಫೋನು ಇಟ್ಟಳು. ಕೋಲಪ್ಪನ್ ಒಳಗಿಂದ ಬಿದ್ದು ಬಿದ್ದು ನಕ್ಕ. ಆ ದಿನ ಅವಳಿಗೆ ತನ್ನ ಜಾಣತನದ ಮೇಲೆ ಬಹಳ ಭರವಸೆ ಬಂತು.

ಎರಡನೆಯವಳು ತಿರುವನಂತಪುರದ ಪ್ರಸೀದ. ಅವಳು ಮೊದಲು ವೆಬ್‌ಸೈಟನ್ನು ಪೂರ್ತಿ ನೋಡಿ ಆಮೇಲೆ ಫೋನು ಮಾಡಿ, ತನ್ನ ಊರಿನ ಮಾತಿನಲ್ಲಿ ಅಕ್ಕಾ ಎಂದು ಕರೆದೇ ಶುರುಮಾಡಿದಳು.

“ಚೇಚಿ, ಫೋಟೋಗಳು ಮಸುಕಾಗಿವೆ. ಕೈಯಲ್ಲಿ ಮಾಡಿದ್ದಕ್ಕೂ ಎರಕ ಹೊಯ್ದಿದ್ದಕ್ಕೂ ಏನು ವ್ಯತ್ಯಾಸ ಅಂತ ನೀವೇ ಬಾಯಾರೆ ಹೇಳಿ, ಅದನ್ನ ಬರೆದು ಹಾಕೋಣ. ನಾಟ್ಯ ಕಲಿಯೋ ಮಕ್ಕಳ ತಾಯಂದಿರು ಅದನ್ನೇ ಹುಡುಕೋದು.”

“ಮೊದಲ ಸಾಲಲ್ಲಿ ಬರ್ತೀವಾ?”

“ಆ ಮಾತು ಯಾರೂ ಕೊಡೋಕಾಗಲ್ಲ ಚೇಚಿ. ಕೊಟ್ಟರೆ ನಂಬಬೇಡಿ. ಆರೇಳು ತಿಂಗಳು ಹಿಡೀಬಹುದು. ನಿಧಾನಕ್ಕೆ ಬಂದೋರು ಉಳ್ಕೋತಾರೆ.”

ಭಗವತಿಗೆ ಆ ಹುಡುಗಿ ಹಿಡಿಸಿದಳು. ಒರೆಗೆ ಹಚ್ಚಿದರೆ ಬಣ್ಣ ಬಿಡದ ಮಾತು. ಆದರೆ ಆರು ತಿಂಗಳಿಗೆ ಕೋಲಪ್ಪನ್ ಕೊಯಮತ್ತೂರಿನಲ್ಲಿರುತ್ತಾನೆ.

ಮೂರನೆಯವನು ಮಾರ್ತಾಂಡದ ಜೆರಿನ್. ಬೈಕಿನಲ್ಲಿ ತಾನೇ ಬಂದ, ಚಾಪೆಯ ಮೇಲೆ ಕೂತ, ಕೊಟ್ಟ ಮಟ್ಟಿ ಬಾಳೆಹಣ್ಣನ್ನು ಬೇಡವೆನ್ನದೆ ತಿಂದ. ಅವನದು ಜಾಹೀರಾತಿನ ಲೆಕ್ಕ. ಯಾವ ಯಾವ ಪದ ಹುಡುಕಿದವರಿಗೆ ನಮ್ಮ ಅಂಗಡಿ ಮೇಲೆ ಕಾಣಬೇಕೋ ಆ ಪದಗಳಿಗೆ ಬೆಲೆ ಕಟ್ಟುವುದು. ಯಾರಾದರೂ ಒತ್ತಿ ಒಳಗೆ ಬಂದರೆ ಮಾತ್ರ ಹಣ. ಮರುವಾರದಿಂದಲೇ ಫೋನು ಬರುತ್ತದೆ.

ಭಗವತಿ ಸುಮ್ಮನೆ ಒಪ್ಪಲಿಲ್ಲ. ಖಾತೆ ಯಾರ ಹೆಸರಲ್ಲಿ? “ನಿಮ್ಮ ಹೆಸರಲ್ಲೇ ಅಕ್ಕಾ.” ಬೇಡ ಅನ್ನಿಸಿದ ದಿನ ನಿಲ್ಲಿಸಬಹುದಾ? “ಆ ಗಳಿಗೆಯಲ್ಲೇ.” ದುಡ್ಡು ಎಲ್ಲಿ ಹೋಯಿತು ಅಂತ ತೋರಿಸ್ತೀಯಾ? “ಪೈಸೆ ಪೈಸೆಗೂ.” ಅವನಿಂದ ಜಾಹೀರಾತು ಮಾಡಿಸಿಕೊಂಡಿದ್ದ ತಕ್ಕಲೆಯ ಪಾತ್ರೆ ಅಂಗಡಿಯವನಿಗೆ ಫೋನು ಮಾಡಿಯೂ ವಿಚಾರಿಸಿದಳು. ಕೇಳಬೇಕಾದ್ದನ್ನೆಲ್ಲ ಕೇಳಿದಳು. ಯಾವ ಪದಗಳನ್ನು ಕೊಳ್ಳುತ್ತೀಯ ಎಂಬುದೊಂದನ್ನು ಕೇಳಲಿಲ್ಲ.

ಅವನೇ ಕೇಳಿದ. “ಅಕ್ಕಾ, ಈ ಬೀದಿಗೆ ಬರೋ ಡಾನ್ಸರ್‌ಗಳು ಯಾರ ಹೆಸರು ಕೇಳ್ಕೊಂಡು ಬರ್ತಾರೆ?”

“ಇನ್ಯಾರದು? ತಾಣು ಆಸಾರಿ. ತಾಣು ಆಸಾರಿಯ ನವಿಲು ರಾಗಟೆ ಅಂದ್ರೆ ಮದರಾಸಿನವರೂ ತಲೆದೂಗ್ತಾರೆ” ಅಂದಳು. ದಾರಿ ಕೇಳಿದವರಿಗೆ ಹೇಳುವ ಹಾಗೆ, ಅದೇ ಹೆಮ್ಮೆಯಿಂದ. ಜೆರಿನ್ ಅದನ್ನು ಟೈಪು ಮಾಡಿಕೊಂಡ.

“ಅದನ್ನೂ ಸೇರಿಸ್ಲಾ ಅಕ್ಕಾ?”

“ನಿನಗೆ ಏನು ಬೇಕೋ ಸೇರಿಸಪ್ಪಾ. ನನಗೇನು ಗೊತ್ತು ಇವೆಲ್ಲ” ಅಂದಳು. ಹಾಗೆ ಅನ್ನುವಾಗ ಏನೂ ಗೊತ್ತಿರಲಿಲ್ಲವೇ, ಅರ್ಧ ಗೊತ್ತಿತ್ತೇ? ದೇವರ ಮುಂದೆ ಕೂತಾಗ ಅವಳು ಈಗಲೂ ಇದನ್ನು ಕೇಳಿಕೊಳ್ಳುತ್ತಾಳೆ. ಹೆಸರು ಗೊತ್ತಿದ್ದವರು ಹೇಗೂ ಬರುತ್ತಾರೆ ಎಂದು ಅದೇ ತಿಂಗಳು ಅವಳ ಬಾಯೇ ಹೇಳಿತ್ತಲ್ಲ.

ಆವಣಿ ಮಾಸದಲ್ಲಿ ಗಿರಾಕಿಗಳ ಫೋನುಗಳು ಶುರುವಾದವು. ಕೋಲಪ್ಪನ್ ಮಣೆಯ ಮುಂದೆ ಕೂತ. ಅರಗಿನ ವಾಸನೆ ಮನೆ ತುಂಬಿತು. ಭಗವತಿ ಬೆಳಿಗ್ಗೆ ರಂಗೋಲಿ ಮುಗಿಸಿ ದೀಪ ಹಚ್ಚಿ, ಫೋನಿನಲ್ಲಿ ‘ನಾಟ್ಯ ಆಭರಣ’ ಎಂದು ಹೊಡೆದು, ಮೇಲುಗಡೆ ತಮ್ಮ ಹೆಸರು ಕಂಡರೆ ಕಣ್ಣಿಗೊತ್ತಿಕೊಂಡು, ಅದನ್ನು ಒತ್ತಿ ಒಳಗೆ ಹೋಗಿ ಬರುತ್ತಿದ್ದಳು. ಜೆರಿನ್ ಲೆಕ್ಕ ನೋಡಿ ಗಾಬರಿಯಾದ.

“ಅಕ್ಕಾ, ನಾಗರಕೋಯಿಲಿಂದ ಯಾರೋ ದಿನಾ ಬೆಳಿಗ್ಗೆ ಒತ್ತುತ್ತಿದ್ದಾರೆ. ನೀವಾ? ನೀವು ಒತ್ತಿದ್ರೆ ನಿಮ್ಮ ದುಡ್ಡೇ ಹೋಗೋದು!”

“ಗುಡಿ ಬಾಗಿಲ ತನಕ ಹೋಗಿ ಒಳಗೆ ಕಾಲಿಡದೆ ಬರೋಕಾಗುತ್ತೇನೋ?”

“ಹೊರಗಿಂದಲೇ ಕೈ ಮುಗೀರಿ ಅಕ್ಕಾ, ಪುಣ್ಯ ಅಷ್ಟೇ ಬರುತ್ತೆ” ಅಂದ. ಕೋಲಪ್ಪನೂ ಸೇರಿ ಮೂವರೂ ನಕ್ಕಿದ್ದರು. ಆ ನಗು ನೆನೆದರೆ ಈಗ ಅವಳಿಗೆ ಸಂಕಟ.

ಒಂದು ಮಧ್ಯಾಹ್ನ ತ್ರಿಶೂರಿನ ತಾಯಿ ಮಗಳು ಕಾರಿನಲ್ಲಿ ಬಂದು ಇಳಿದರು. ತಾಯಿ ನೇರ ಒಳಗೆ ಬಂದು, “ತಾಣು ಆಸಾರಿಯವರ ಮನೆ ಇದೇ ಅಲ್ವಾ? ಫೋನಲ್ಲಿ ಹುಡುಕಿದ್ವಿ, ಈ ಅಡ್ರೆಸ್ ಬಂತು” ಅಂದಳು.

ಭಗವತಿಯ ಕಾಲು ಏಳಲು ಹೊರಟಿತು. ವರ್ಷಗಟ್ಟಲೆ ಅಭ್ಯಾಸವಾದ ಕಾಲು. ಅಷ್ಟರಲ್ಲಿ ಆ ಹುಡುಗಿ ಕೋಲಪ್ಪನ್ ಮಾಡಿಟ್ಟ ರಾಗಟೆಯನ್ನು ಎತ್ತಿ, “ಅಮ್ಮಾ, ಇದೇ ಸಾಕು” ಅಂದಳು. ಒಳಗಿನ ಮಣೆಯಿಂದ ತಲೆ ಎತ್ತಿದ ಕೋಲಪ್ಪನಿಗೆ ಆ ಕೊನೆಯ ಮಾತಷ್ಟೇ ಕೇಳಿಸಿತು, ಅವನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅರಳಿದ ಮುಖ.

“ಬೀದಿ ಇದೇ ಅಮ್ಮಾ” ಅಂದಳು ಭಗವತಿ. “ಕೆಲಸಾನೂ ಅದೇ. ನಮ್ಮನೆಯವರು ಅವರ ಹತ್ರಾನೇ ಕಲಿತಿದ್ದು.”

ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಎದ್ದು ನಡೆಯಲಿಲ್ಲ, ಅಷ್ಟೇ.

ಅವರು ಹೋದ ಮೇಲೆ ಅವಳು ಫೋನಿನಲ್ಲಿ ತಾಣು ಆಸಾರಿಯ ಹೆಸರು ಹೊಡೆದು ನೋಡಿದಳು. ಹಿಂದೆ ಯಾರೋ ನಾಟ್ಯದ ಹುಡುಗಿ ಅವನಿಗೆ ಪ್ರೀತಿಯಿಂದ ಮಾಡಿಕೊಟ್ಟ ಒಂದು ಪುಟವಿತ್ತು. ಅದು ಕೆಳಗಿತ್ತು. ಅದರ ನೆತ್ತಿಯ ಮೇಲೆ ‘ಮುತ್ತಾರಮ್ಮನ್ ನಾಟ್ಯ ಆಭರಣ, ವಡಸೇರಿ’.

ಜೆರಿನ್‌ಗೆ ಫೋನು ಮಾಡಿದಳು. ಅವನು ಮುಚ್ಚುಮರೆ ಮಾಡಲಿಲ್ಲ. “ನೀವೇ ಸೇರಿಸು ಅಂದ್ರಲ್ಲ ಅಕ್ಕಾ. ಎಲ್ಲರೂ ಮಾಡೋದೇ ಇದು. ನಿಮಗೆ ಬರೋ ಫೋನಲ್ಲಿ ಮುಕ್ಕಾಲು ಭಾಗ ಆ ಹೆಸರಿಂದಾನೇ. ತೆಗೀಲಾ?”

ಒಳಗೆ ಕೋಲಪ್ಪನ್ ರೇಕು ಒತ್ತುತ್ತಾ ಏನೋ ಗುನುಗುತ್ತಿದ್ದ. ಭಗವತಿ ಆ ಕಡೆ ಒಮ್ಮೆ ನೋಡಿದಳು.

“ಮಾರ್ಗಳಿ ಮುಗೀಲಿ” ಅಂದಳು.

ನಾಟ್ಯ ಕಛೇರಿಗಳ ತಿಂಗಳಾದ ಮಾರ್ಗಳಿ ಮುಗಿಯಿತು. ಬೇಸಿಗೆಯ ರಂಗಪ್ರವೇಶಗಳು ಬಂದವು, ಪಂಗುನಿ ಮುಗಿಯಲಿ ಎಂದಾಯಿತು. ತಪ್ಪನ್ನು ನಾಳೆಗೆ ದೂಡುವುದು ಎಷ್ಟು ಸಲೀಸು ಎಂದು ಅವಳಿಗೆ ಆಗ ತಿಳಿಯಿತು. ಬೆಳಿಗ್ಗೆ ಮಾತ್ರ ಆ ಬಾಗಿಲಿನ ರಂಗೋಲಿಯನ್ನು ಇನ್ನಷ್ಟು ದೊಡ್ಡದಾಗಿ ಬಿಡುತ್ತಿದ್ದಳು. “ಏನು ಮಕ್ಕಾ, ನಮ್ಮನೇಲಿ ಮದುವೆಯೇನೇ?” ಎಂದು ತಾಣು ಆಸಾರಿ ತಮಾಷೆ ಮಾಡುತ್ತಿದ್ದ.

ಅವನ ತಮಾಷೆ ಬರುಬರುತ್ತಾ ಕಡಿಮೆಯಾಯಿತು. ಒಂದು ದಿನ ಅವನು ಒಂದು ರಾಗಟೆ ಹಿಡಿದು ಬಂದು ಬೆಳಕಿಗೆ ಒಡ್ಡಿದ.

“ನೋಡು ಮಕ್ಕಾ, ಕಲ್ಲು ಓರೆ ಕೂತಿದೆಯಾ?”

“ಇಲ್ಲ ಪೆರಿಯಪ್ಪಾ. ನೆಟ್ಟಗಿದೆ.”

“ನನ್ನ ಸಮಾಧಾನಕ್ಕೆ ಹೇಳಬೇಡ. ಜನ ಬರೋದೇ ನಿಂತಿದೆ. ಸುಮ್ಮನೆ ನಿಲ್ಲುತ್ತಾ? ಎಲ್ಲೋ ಕೆಡ್ತಿದೆ, ನನಗೆ ಕಾಣ್ತಿಲ್ಲ.”

ಕಣ್ಣಿನ ಆಸ್ಪತ್ರೆಗೂ ಹೋಗಿ ಬಂದ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದು ಅವನನ್ನು ಇನ್ನೂ ಕುಗ್ಗಿಸಿತು. “ಕಣ್ಣಾಗಿದ್ರೆ ಕನ್ನಡಕ ಹಾಕ್ಕೋಬಹುದಿತ್ತು” ಅಂದ. “ಕೈಗೆ ಏನು ಹಾಕಲಿ?”

ಆ ಮಾತು ಕೇಳಿ ಭಗವತಿ ಎದ್ದು ಒಲೆ ಹಚ್ಚಿದಳು. ಒಣಶುಂಠಿಯ ಸುಕ್ಕು ಕಾಪಿ ಮಾಡಿ ಕೊಟ್ಟಳು. ಕುಡಿದು ಹೋದ.

ಪಂಗುನಿ ಕಳೆದು ಚಿತ್ತಿರೈಯಲ್ಲಿ ಅವನು ಮಣೆಯನ್ನು ಗೋಡೆಗೆ ಒರಗಿಸಿ, ದೀಪ ಹಚ್ಚಿ ಕೈ ಮುಗಿದು, ಕೆಲಸ ನಿಲ್ಲಿಸಿದ. ಇಕ್ಕಳ, ಸುತ್ತಿಗೆಗಳನ್ನು ಚೆಲ್ಲಮ್ಮನ ತಮ್ಮನ ಮನೆಗೆ ಕೊಟ್ಟುಬಿಟ್ಟ. ಬೀದಿಯವರು ವಯಸ್ಸಾಯಿತು ಎಂದರು.

ಅದಾಗಿ ಕೆಲವು ವಾರಕ್ಕೆ, ಒಂದು ಬೆಳಿಗ್ಗೆ, ಬಾಗಿಲಲ್ಲಿ ನೆರಳು ಬಿತ್ತು. ತಾಣು ಆಸಾರಿ ನಿಂತಿದ್ದ. ಹಿಂದೆ ಕೇರಳದ ಕಡೆಯ ಒಬ್ಬಳು ನಾಟ್ಯದ ಹುಡುಗಿ. ಅವಳು ಫೋನು ನೋಡಿ ಬಂದವಳಲ್ಲ, ಅವಳ ಗುರು ಬಾಯಲ್ಲಿ ಹೆಸರು ಹೇಳಿ ಕಳಿಸಿದ್ದಳು. ಹಾಗಾಗಿ ಅವಳು ದಾರಿಯಲ್ಲಿ ಕೇಳಿಕೊಂಡು ಸರಿಯಾದ ಬಾಗಿಲಿಗೇ ಹೋಗಿದ್ದಳು.

“ನವಿಲು ರಾಗಟೆ ಬೇಕಂತೆ” ಅಂದ ತಾಣು ಆಸಾರಿ. “ನಾನು ಕೈ ನಿಲ್ಲಿಸಿದೀನಲ್ಲ. ಈ ಮನೇಲಿ ಕೈ ಚೆನ್ನಾಗಿದೆ ಅಂತ ಕರ್ಕೊಂಡು ಬಂದೆ. ನಮ್ಮ ಕೋಲಪ್ಪನ್ ಮಾಡಿದ್ದು ನಾನು ಮಾಡಿದ್ದು ಎರಡೂ ಒಂದೇ ಮಗಳೇ.”

ಭಗವತಿ ಚಾಪೆ ಹಾಸುವುದನ್ನೂ ಮರೆತಳು.

“ಏನೇ ಮಕ್ಕಾ, ನೀರು ಕೊಡಲ್ವಾ?”

ಅವಳು ಲೋಟ ತಂದಳು. ಅವನು ನಿಂತೇ ಅಷ್ಟೂ ನೀರು ಕುಡಿದು, ಲೋಟ ಬಗ್ಗಿಸಿ ಕೊನೆಯ ಹನಿಯನ್ನು ನೆಲಕ್ಕೆ ಬಿಟ್ಟು, ಹೊರಟ. ಅವನ ಬೆನ್ನು ಬಾಗಿಲು ದಾಟುವ ತನಕ ಭಗವತಿ ನೋಡುತ್ತಲೇ ಇದ್ದಳು.

ಹುಡುಗಿ ಹೋದ ಮೇಲೆ ಜೆರಿನ್‌ಗೆ ಫೋನು ಮಾಡಿದಳು. “ಆ ಹೆಸರು ತೆಗಿ.”

“ಈಗ್ಯಾಕೆ ಅಕ್ಕಾ? ಅವರೇ ಕೆಲಸ ನಿಲ್ಲಿಸಿದ್ದಾರಂತಲ್ಲ. ಇನ್ನು ಯಾರಿಗೆ ನಷ್ಟ?”

“ಅದಕ್ಕೇ ತೆಗಿ” ಅಂದಳು. ಜೆರಿನ್ ತೆಗೆದ.

ಕೋಲಪ್ಪನಿಗೆ ಎಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಇಕ್ಕಳವನ್ನು ನಿಧಾನಕ್ಕೆ ಕೆಳಗಿಟ್ಟ. “ನನಗೆ ಯಾಕೆ ಹೇಳಲಿಲ್ಲ?” ಅಂದ.

“ಹೇಳಿದ್ರೆ ನೀವು ಎದ್ದು ಕೊಯಮತ್ತೂರಿಗೆ ಹೋಗ್ತಿದ್ರಿ.”

“ಹೂಂ, ಹೋಗ್ತಿದ್ದೆ” ಅಂದ. ಆ ದಿನ ಮಣೆಯ ಮುಂದೆ ಅವನು ಮತ್ತೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಭಗವತಿ ತಾಣು ಆಸಾರಿಯ ಬಾಗಿಲಿಗೆ ನೀರು ಹಾಕಿ, ರಂಗೋಲಿ ಮುಗಿಸಿ, ಅಲ್ಲೇ ಹೊಸ್ತಿಲ ಕೆಳಗೆ ಕೂತಳು. ಅವನು ಬಾಗಿಲು ತೆಗೆದು, “ಏನಮ್ಮಾ, ಕಾಲು ಹಿಡ್ಕೊಂಡಿತಾ?” ಅಂದ. ಅವಳು ಮುಖ ಎತ್ತದೆ ಹೇಳಿದಳು. ಜೆರಿನ್ ಕೇಳಿದ್ದು, ತಾನು ಹೇಳಿದ್ದು, ತ್ರಿಶೂರಿನವರು ಬಂದಿದ್ದು, ಮಾರ್ಗಳಿ ಮುಗಿಯಲಿ ಎಂದದ್ದು.

ತಾಣು ಆಸಾರಿಗೆ ಫೋನಿನ ವ್ಯವಹಾರ ಅರ್ಥವಾಗಲು ಹೊತ್ತು ಹಿಡಿಯಿತು. ಕೊನೆಗೆ ಅಂದ, “ಅಂದ್ರೆ, ನನ್ನ ಹೆಸರು ಕೇಳ್ಕೊಂಡು ಬಂದವರನ್ನ ನೀನು ನನ್ನ ಬಾಗಿಲಿಗೆ ನಡೆಸ್ಕೊಂಡು ಬರಲಿಲ್ಲ.”

“ಇಲ್ಲ ಪೆರಿಯಪ್ಪಾ.”

“ಅವರು ಬರ್ತಾನೇ ಇದ್ರು?”

“ಬರ್ತಾನೇ ಇದ್ರು.”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೈಗುಳ ಬರುತ್ತದೆ ಎಂದು ಭಗವತಿ ಕಾದಳು. ಬರಲಿ ಎಂದು ಬೇಡಿಕೊಂಡಳು. ಅವನು ಒಳಗೆ ತಿರುಗಿ ಕೂಗಿದ, “ಚೆಲ್ಲಮ್ಮಾ, ಕೇಳಿದ್ಯಾ? ನನ್ನ ಕೈ ಕೆಟ್ಟಿರಲಿಲ್ಲವಂತೆ ಕಣೇ!”

ಆ ದನಿಯಲ್ಲಿ ಸಂತೋಷವಿತ್ತು. ಅದನ್ನು ತಡೆದುಕೊಳ್ಳುವುದು ಭಗವತಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಚೆಲ್ಲಮ್ಮ ಗೋಡೆ ಹಿಡಿದು ಬಂದಳು. ಅವಳು ನಗಲಿಲ್ಲ. “ದಿನಾ ಬೆಳಿಗ್ಗೆ ಇಲ್ಲೇ ಬಗ್ಗಿ ಕೂರ್ತಿದ್ಯಲ್ಲೇ” ಅಂದಳು. “ಇವರು ರಾತ್ರಿಯೆಲ್ಲ ಕೈ ತಿರುಗಿಸಿ ತಿರುಗಿಸಿ ನೋಡ್ಕೋತಿದ್ರು. ಬಾಗಿಲಿಗೆ ರಂಗೋಲಿ ಬಿಡೋಕೆ ಬೆರಳು ಬಂತು, ಇದೊಂದು ಮಾತು ಹೇಳೋಕೆ ನಾಲಿಗೆ ಬರಲಿಲ್ವಾ?”

“ಬಿಡೇ” ಅಂದ ತಾಣು ಆಸಾರಿ.

“ಮತ್ತೆ ಮಣೆ ಹಾಕಿ ಪೆರಿಯಪ್ಪಾ” ಅಂದಳು ಭಗವತಿ. “ಇನ್ನು ಬಂದವರನ್ನೆಲ್ಲ ನಾನೇ ಕರ್ಕೊಂಡು ಬರ್ತೀನಿ. ಕೊಟ್ಟ ಸಾಮಾನನ್ನ ನಮ್ಮನೆಯವರು ವಾಪಸ್ ತಂದುಕೊಡ್ತಾರೆ.”

ಅವನು ಬಲಗೈ ಮುಂದೆ ಚಾಚಿ ತೋರಿಸಿದ. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು. “ಕೆಲಸ ಇದ್ದಾಗ ಇದು ಇರಲಿಲ್ಲ ಮಕ್ಕಾ. ನಿಲ್ಲಿಸಿದ ಮೇಲೆ ಬಂತು. ಇನ್ನು ಇದರಲ್ಲಿ ಕಲ್ಲು ಕೂರಲ್ಲ.” ಸಿಟ್ಟಿಲ್ಲದೆ, ಮಳೆ ಬಂದು ಹೋಯಿತು ಎನ್ನುವ ಹಾಗೆ ಹೇಳಿದ.

ಆಮೇಲೆ ಒಳಗೆ ಹೋದ. ದೇವರ ಗೂಡಿನಿಂದ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಹೊಸ್ತಿಲ ಮೇಲೆ ಕೂತು ಬಿಚ್ಚಿದ. ಬೆಳ್ಳಿಯ ತಗಡನ್ನು ಮೇಲಿಟ್ಟು ಬಡಿದು ನವಿಲು ಮೂಡಿಸುವ, ಅಂಗೈ ಅಗಲದ ಕಂಚಿನ ಅಚ್ಚು. ಸುತ್ತ ನವಿಲುಗಳು, ಒಂದರ ಕೊಕ್ಕು ಇನ್ನೊಂದರ ಗರಿಗೆ ತಾಗಿಕೊಂಡು. ಅವನ ತಾತನ ಕಾಲದ್ದು. ಬೇರೆ ಯಾರಿಗೂ ಅವನು ಮುಟ್ಟಲು ಕೊಟ್ಟದ್ದಿಲ್ಲ. ಕೋಲಪ್ಪನ್ ಕೂಡ ಕಲಿಯುವಾಗ ಅದನ್ನು ದೂರದಿಂದಲೇ ನೋಡಿದ್ದ.

“ತಗೋ” ಅಂದ. “ಹೆಂಗೂ ಜನ ನನ್ನ ಹೆಸರು ಹೇಳ್ಕೊಂಡು ನಿನ್ನ ಮನೆಗೇ ಬರ್ತಾರೆ. ಬಂದವರಿಗೆ ನವಿಲಾದ್ರೂ ನಿಜವಾದ್ದು ಸಿಗಲಿ. ಕೋಲಪ್ಪನ್ ಕೈಗೆ ಇದು ಒಪ್ಪುತ್ತೆ.”

ಚೆಲ್ಲಮ್ಮ ಮುಖ ತಿರುಗಿಸಿಕೊಂಡಳು. ಆದರೆ ಬೇಡವೆನ್ನಲಿಲ್ಲ.

ಅಚ್ಚು ಬೆಳಗಿನ ಬೆಳಕಿನಲ್ಲಿ ಹೊಳೆಯುತ್ತಿತ್ತು. ಭಗವತಿ ಅದನ್ನು ಮುಟ್ಟಲಿಲ್ಲ. ಅದು ಸಿಕ್ಕಿದರೆ ಕೋಲಪ್ಪನ ಮಣೆ ಇನ್ನೆಂದೂ ಖಾಲಿಯಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಜಾಹೀರಾತೂ ಬೇಡ, ಜೆರಿನ್ನೂ ಬೇಡ.

“ಬೇಡ ಪೆರಿಯಪ್ಪಾ.”

“ಕೊಡ್ತಿರೋದು ನಾನು. ನೀನು ಕಿತ್ಕೋತಿಲ್ಲ.”

“ಇದು ಈ ಮನೇಲೇ ಇರಲಿ. ಯಾರಾದ್ರೂ ನವಿಲು ಕೇಳ್ಕೊಂಡು ಬಂದ್ರೆ ಇಲ್ಲಿಗೆ ಕರ್ಕೊಂಡು ಬರ್ತೀನಿ.”

“ಬಂದು? ಕೈ ನಿಂತ ಮನೇಲಿ ಅವರಿಗೆ ಏನು ತೋರಿಸ್ತೀಯೇ?”

ಭಗವತಿ ರಂಗೋಲಿ ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕೆಂಪು ಬಟ್ಟೆಯ ನಾಲ್ಕು ತುದಿಯನ್ನು ಅಚ್ಚಿನ ಮೇಲೆ ಎಳೆದು ಗಂಟು ಹಾಕಿ, ಅದನ್ನು ಅವನ ಮಡಿಲಿಗೆ ಮೆಲ್ಲಗೆ ದೂಡಿದಳು.

“ಬೇಡ ಪೆರಿಯಪ್ಪಾ” ಅಂದಳು ಮತ್ತೆ.